ಅರೆಗಣ್ಣಿನವರು ಮತ್ತು ಕಾಡುಪಾಪ

“ಚಿಕ್ಕಮ್ಮಾ, ಕೊಡಗಲ್ಲಿ ದೇವರ ಪ್ರಾಣಿ ಅಂತ ಯಾವುದಿದೆ?”

ಜುಲೈ ತಿಂಗಳ ಒಂದು ರಾತ್ರಿ ಅಕ್ಕನ ಮಗ ಫೋನ್ ಮಾಡಿ ಕೇಳಿದ ಮೊದಲ ಮಾತು ಇದು. ಇಲ್ಲಿ ಕರೆಂಟ್ ಹೋಗಿ ಮೂರು ದಿನವಾಗಿತ್ತು. ಫೋನಿನಲ್ಲಿ ಹದಿನೆಂಟು ಪರ್ಸೆಂಟ್ ಚಾರ್ಜ್ ಉಳಿದಿತ್ತು. ಮಳೆ ಹೇಗಿದೆ, ರಸ್ತೆ ಸರಿ ಇದೆಯಾ ಅಂತ ಏನಾದರೂ ಕೇಳುತ್ತಾನೆ ಅಂದುಕೊಂಡಿದ್ದೆ. ಅದೇನೂ ಇಲ್ಲ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗ. ಮೂವರು ಗೆಳೆಯರನ್ನು ಸೇರಿಸಿಕೊಂಡು ಕಂಪ್ಯೂಟರ್ ಗೇಮ್ ಒಂದನ್ನು ಕಟ್ಟುತ್ತಿದ್ದಾನಂತೆ. ಕಥೆ ನಡೆಯುವುದು ಕೊಡಗಿನಂಥ ಒಂದು ಬೆಟ್ಟದ ಸೀಮೆಯಲ್ಲಿ. ಅಲ್ಲೊಂದು ಪವಿತ್ರ ಪ್ರಾಣಿ. ಅದರೊಳಗೆ ಕಾಡಿನ ಆತ್ಮವೇ ಇದೆ. ಅದನ್ನು ಬೇಟೆಯಾಡಲು ಒಂದು ಗುಪ್ತ ಪಂಥ ಹೊಂಚು ಹಾಕಿದೆ. ಪಂಥದವರು ಎಡಗಣ್ಣಿಗೆ ಬಟ್ಟೆ ಕಟ್ಟಿಕೊಂಡಿರುತ್ತಾರೆ. ಕಟ್ಟಿದ ಕಣ್ಣಿಗೆ ಮಾತ್ರ ಆತ್ಮಗಳು ಕಾಣುತ್ತವಂತೆ. ಹೆಸರು ಅರೆಗಣ್ಣಿನವರು. ಹನ್ನೆರಡು ವರ್ಷಕ್ಕೊಮ್ಮೆ ಅಮಾವಾಸ್ಯೆಯ ರಾತ್ರಿ ಹೊರಡುತ್ತಾರೆ. ಪ್ರಾಣಿಯನ್ನು ಕೊಂದವನಿಗೆ ಸಾವಿಲ್ಲ.

ಪ್ರಾಣಿ ಯಾವುದೋ ಅಂದೆ. ಸದ್ಯಕ್ಕೆ ಬಿಳಿ ಜಿಂಕೆ ಅಂದ. ಕೊಂಬಿನ ತುದಿಯಲ್ಲಿ ನೀಲಿ ಬೆಳಕು ಮಿನುಗುತ್ತದಂತೆ. ಚಿತ್ರವನ್ನೂ ಕಳಿಸಿದ. ದಸರಾಕ್ಕೆ ಸೀರಿಯಲ್ ಸೆಟ್ ಸುತ್ತಿದ ಹಾಗಿತ್ತು. “ಮಗಾ, ಇದು ನಮ್ಮ ಕಡೆ ಒಂದು ರಾತ್ರಿ ಬದುಕಲ್ಲ. ಪಂಥ ಎಲ್ಲ ಬೇಡ, ಬೆಳಗ್ಗೆ ಹಾಲಿಗೆ ಹೋಗೋರೇ ಸಾಕು” ಅಂತ ನಕ್ಕೆ. ಅವನೂ ನಕ್ಕ. ಅಷ್ಟರಲ್ಲಿ ಫೋನ್ ಆಫ್ ಆಯಿತು.

ನಗು ಆಮೇಲೆ ಇಳಿಯಿತು. ಪ್ರಶ್ನೆ ಮಾತ್ರ ಕೂತೇ ಇತ್ತು. ನಮ್ಮಲ್ಲಿ ದೇವರ ಪ್ರಾಣಿ ಯಾವುದು? ಹುಲಿಯಾ, ಆನೆಯಾ, ನಾಗರಹಾವಾ? ಒಂದೊಂದಕ್ಕೂ ಹೌದು ಅನ್ನಬಹುದು, ಅಲ್ಲ ಅನ್ನಲೂಬಹುದು. ಮೇಣದಬತ್ತಿಯ ಬೆಳಕಿನಲ್ಲಿ ಒಬ್ಬಳೇ ಕೂತು ಯೋಚಿಸಿದಾಗ ನನಗೆ ನೆನಪಾದದ್ದು ಒಂದು ಹಂದಿ.

ಹಂದಿ ನಿಂತ ಜಾಗ

ಅಪ್ಪ ಸ್ಕೂಲ್ ಮೇಷ್ಟ್ರು. ನಾನು ಸಣ್ಣವಳಿದ್ದಾಗ ಅವರಿಗೆ ಪೊನ್ನಂಪೇಟೆಯ ಆಚೆ ಒಂದು ಊರಿಗೆ ವರ್ಗವಾಗಿತ್ತು. ಒಬ್ಬ ಕೊಡವ ಹಿರಿಯರ ಹಳೇ ಮನೆಯ ಪಕ್ಕದ ಎರಡು ಕೋಣೆಯಲ್ಲಿ ನಮ್ಮ ಬಿಡಾರ. ಅವರನ್ನು ನಾವೆಲ್ಲ ಅಜ್ಜ ಅನ್ನುತ್ತಿದ್ದೆವು. ಅವರ ಮನೆಯಲ್ಲಿ ಕೋವಿ ಇತ್ತು, ನಾಯಿಗಳಿದ್ದವು. ವರ್ಷಕ್ಕೊಮ್ಮೆ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ, ಕತ್ತಿ ಎಲ್ಲವನ್ನೂ ಒರೆಸಿ, ತೋಕ್‌ಪೂ ಇಟ್ಟು ಪೂಜೆ ಮಾಡುತ್ತಿದ್ದರು. ಸೆಪ್ಟೆಂಬರ್ ಮೊದಲ ವಾರ ಕಾಡಿನಲ್ಲೆಲ್ಲ ಅರಳುವ ಆ ಕೆಂಪು ಹಳದಿ ಹೂವಿಗೆ ಕೋವಿ ಹೂ ಅನ್ನುವ ಹೆಸರು ಬಂದದ್ದೇ ಹಾಗೆ. ಬೇಟೆ ನಿಲ್ಲಿಸುವ ಕಾನೂನು 1972ರಲ್ಲೇ ಬಂದಿತ್ತು. ಮಡಿಕೇರಿಗೆ ಬಂದದ್ದು ಸ್ವಲ್ಪ ತಡವಾಗಿ, ನಮ್ಮ ಊರಿಗೆ ಬಂದದ್ದು ಇನ್ನೂ ತಡವಾಗಿ.

ಒಂದು ಭಾನುವಾರ. ಗದ್ದೆಗೆ ಹಂದಿ ನುಗ್ಗಿ ಪೈರು ತುಳಿದು ಹಾಕಿತ್ತು. ಗಂಡಸರು ನಾಯಿ ಕಟ್ಟಿಕೊಂಡು ಹೊರಟರು. ಅಪ್ಪನೂ ಹೋದರು, ಸುಮ್ನೆ ನೋಡಲಿಕ್ಕೆ. ಹೆಣ್ಣು ಮಕ್ಕಳು ಬರಬಾರದು ಅಂದರೂ ನಾನು ಹಿಂದೆ ಹಿಂದೆ ಓಡಿದೆ. ಒಂದು ಗಂಟೆ ಏನೂ ಇಲ್ಲ. ಬರೀ ನಾಯಿ ಬೊಗಳುವ ಸದ್ದು, ಹೋ ಹೋ ಅನ್ನುವ ಕೂಗು. ಆಮೇಲೆ ಇದ್ದಕ್ಕಿದ್ದಂತೆ ಕೆಳಗಿನ ತೋಡಿನಿಂದ ಒಂದು ಕಪ್ಪು ಗುಡ್ಡ ಎದ್ದು ಬಂತು. ಹಂದಿ ಅಷ್ಟು ದೊಡ್ಡದಿರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಅದು ಗದ್ದೆ ದಾಟಿ, ದರೆ ಹತ್ತಿ, ಒಂದು ಹಳೇ ಕಲ್ಲಿನ ಸಾಲು ದಾಟಿ ಪೊದೆಯಲ್ಲಿ ನಿಂತಿತು. ಓಡಲಿಲ್ಲ. ನಿಂತಿತು. ಏದುಸಿರು ಬಿಡುವುದು ಇಲ್ಲಿಗೇ ಕೇಳುತ್ತಿತ್ತು. ಪಕ್ಕೆ ಉಬ್ಬಿ ಇಳಿಯುವುದೂ ಕಾಣುತ್ತಿತ್ತು. ಕಿವಿಯ ಹತ್ತಿರ ಕೆಸರು ಒಣಗಿ ಬಿರಿದಿತ್ತು. ಇಪ್ಪತ್ತು ಹೆಜ್ಜೆ ಇರಬಹುದು, ಹೆಚ್ಚಿಲ್ಲ.

ಕೋವಿ ಹಿಡಿದವರು ಕೋವಿ ಇಳಿಸಿದರು. ಅಜ್ಜ ನಾಯಿಗಳನ್ನು ಹೆಸರು ಹಿಡಿದು ಕೂಗಿ ಕರೆದರು. ಎರಡು ಬಂದವು. ಮೂರನೆಯದು ಬರಲಿಲ್ಲ. ಅದನ್ನು ಕುತ್ತಿಗೆಪಟ್ಟಿ ಹಿಡಿದು ಎಳೆದು ತಂದರು. ಹೊಸದಾಗಿ ಬಂದಿದ್ದ ಒಬ್ಬರು “ಇನ್ನು ನಾಕೇ ಹೆಜ್ಜೆ ಅಲ್ವಾ” ಅಂದರು. ಅಜ್ಜ ಬೀಡಿ ಹಚ್ಚುತ್ತಾ, “ಈಗ ಅದು ಅಯ್ಯಪ್ಪನ ಲೆಕ್ಕ” ಅಂದರು. ಅಷ್ಟೇ. ಆ ಕಲ್ಲಿನ ಸಾಲಿನ ಆಚೆ ದೇವರಕಾಡು.

ಹೊರಗಿನವರಿಗೆ ಕೊಡಗಿನ ಅಯ್ಯಪ್ಪ ಅಂದ ಕೂಡಲೇ ಶಬರಿಮಲೆ ನೆನಪಾಗುತ್ತದೆ. ಇಲ್ಲಿಯ ಅಯ್ಯಪ್ಪ ಬೇಟೆಯ ದೇವರು. ಮರದ ಬುಡವೇ ಗುಡಿ. ಹರಕೆಗೆ ಮಣ್ಣಿನ ನಾಯಿ ಒಪ್ಪಿಸುತ್ತಾರೆ, ಬೇಟೆ ನಾಯಿ. ಎಷ್ಟೋ ವರ್ಷದ ನಾಯಿಗಳು ಅಲ್ಲೇ ಸಾಲಾಗಿ ನಿಂತಿರುತ್ತವೆ. ಕೆಲವಕ್ಕೆ ಕಿವಿ ಇಲ್ಲ, ಕೆಲವಕ್ಕೆ ಮೂತಿ ಇಲ್ಲ. ಮೇಲೆ ಪಾಚಿ. ಅಂದರೆ ನೋಡಿ, ಬೇಟೆಯ ದೇವರ ಕಾಡಿನಲ್ಲೇ ಬೇಟೆ ಇಲ್ಲ. ಆ ಹಂದಿ ದೇವರ ಪ್ರಾಣಿ ಆಗಿರಲಿಲ್ಲ. ಕಲ್ಲು ದಾಟುವ ಮೊದಲು ಅದು ರಾತ್ರಿಯ ಪಂದಿ ಕರಿ. ಕಲ್ಲು ದಾಟಿದ ಮೇಲೆ ಇನ್ನೊಬ್ಬರ ಸೊತ್ತು. ಮಾರನೇ ದಿನ ಮತ್ತೆ ಗದ್ದೆಗೆ ಇಳಿದರೆ ಮತ್ತೆ ಪಂದಿ ಕರಿ. ಪ್ರಾಣಿಯ ಮೈಯಲ್ಲಿ ಏನೂ ಬದಲಾಗಿರಲಿಲ್ಲ. ಪವಿತ್ರ ಅನ್ನುವುದು ಜಾಗದಲ್ಲಿತ್ತು. ಇನ್ನೂ ಸರಿಯಾಗಿ ಹೇಳುವುದಾದರೆ, ಕೋವಿ ಇಳಿಸಿದ ಕೈಯಲ್ಲಿತ್ತು.

ಜಿಲ್ಲೆಯಲ್ಲಿ ಇಂಥ ದೇವರಕಾಡುಗಳು 1,214 ಇವೆ ಅಂತ ಅರಣ್ಯ ಇಲಾಖೆಯ ಲೆಕ್ಕ. ಕೆಲವು ಎಕರೆಗಟ್ಟಲೆ, ಕೆಲವು ನಾಲ್ಕು ಮರ ಒಂದು ಬಾವಿ. ನೂರು ನೂರೈವತ್ತು ವರ್ಷದಲ್ಲಿ ಎಷ್ಟೋ ಕರಗಿ ಕಾಫಿ ತೋಟವಾದವು. ಅದು ದೊಡ್ಡ ಕಥೆ, ಎಲ್ಲರಿಗೂ ಗೊತ್ತಿರುವುದೇ. ನನ್ನ ತಲೆಯಲ್ಲಿರುವುದು ಆ ಕಲ್ಲಿನ ಸಾಲು. ಮೊಣಕಾಲೆತ್ತರವೂ ಇರಲಿಲ್ಲ.

ನರಿಯಲ್ಲದ ನರಿ

ಮರುದಿನ ಪಕ್ಕದ ಊರಿನಲ್ಲಿ ಫೋನ್ ಚಾರ್ಜ್ ಮಾಡಿಸಿಕೊಂಡು ಬಂದು ಹುಡುಗನಿಗೆ ಇದೆಲ್ಲ ಹೇಳಿದೆ. ಅವನಿಗೆ ಕಲ್ಲಿನ ಸಾಲು ಇಷ್ಟವಾಯಿತು, ಹಂದಿ ಇಷ್ಟವಾಗಲಿಲ್ಲ. “ಹಂದಿ ಬೇಡ ಚಿಕ್ಕಮ್ಮ, ಪೋಸ್ಟರ್‌ಗೆ ಬರಲ್ಲ. ಹುಲಿ ಹಾಕ್ತೀನಿ.” ನಾನು ನರಿ ಮಂಗಲದ ಕಥೆ ಹೇಳಿದೆ. “ನರಿಗೆ ಮದುವೆನಾ?” ಅಂತ ಬಿದ್ದು ಬಿದ್ದು ನಕ್ಕ. ಪಾಪ, ಅವನ ತಪ್ಪಲ್ಲ. ಕೊಡವ ಭಾಷೆಯಲ್ಲಿ ನರಿ ಅಂದರೆ ಹುಲಿ. ಕನ್ನಡದವರು ನಾವು ಅದೇ ಶಬ್ದವನ್ನು ದ್ರಾಕ್ಷಿ ಹುಳಿ ಅಂದ ಪ್ರಾಣಿಗೆ ಕೊಟ್ಟುಬಿಟ್ಟಿದ್ದೇವೆ. ಅಪ್ಪ ಆ ಊರಿಗೆ ಹೋದ ಹೊಸದರಲ್ಲಿ ಯಾರೋ “ತೋಡಿನ ಹತ್ತಿರ ನರಿ ಬಂದಿದೆ ಮೇಷ್ಟ್ರೇ” ಅಂದರಂತೆ. ಅಪ್ಪ “ಬಂದರೆ ಬರಲಿ ಬಿಡಿ” ಅಂತ ಲಾಟೀನು ಹಿಡಿದು ಹೊರಟೇಬಿಟ್ಟಿದ್ದರಂತೆ. ಅವರ ಧೈರ್ಯದ ಖ್ಯಾತಿ ಎಷ್ಟೋ ದಿನ ಉಳಿದಿತ್ತು.

ಹಿಂದೆ ಹುಲಿ ಹೊಡೆದವನಿಗೆ ಊರವರು ಮದುವೆಯ ಹಾಗೇ ಒಂದು ಮಂಗಲ ಮಾಡುತ್ತಿದ್ದರು. ಅವನಿಗೆ ಕೊಡವ ಗಂಡಸರ ಉದ್ದ ಕೋಟು ಕುಪ್ಪಸ, ಸೊಂಟದ ಪಟ್ಟಿ ಚೇಲೆ, ಬಾಕು ಪೀಚೆಕತ್ತಿ. ಮಂಟಪದಲ್ಲಿ ಕೂರಿಸುತ್ತಿದ್ದರು. ಸತ್ತ ಹುಲಿಯನ್ನು ಕಂಬಕ್ಕೆ ತೂಗುಹಾಕಿ ಪಕ್ಕದಲ್ಲೇ ನಿಲ್ಲಿಸುತ್ತಿದ್ದರು. ಬಂದವರೆಲ್ಲ ಮದುವೆ ಗಂಡಿಗೆ ಮಾಡುವ ಹಾಗೆ ಅಕ್ಕಿ ಹಾಕಿ, ಹಾಲು ಕೊಟ್ಟು, ಕಾಣಿಕೆ ಇಟ್ಟು ಹರಸುತ್ತಿದ್ದರು. ಗಲ್ಲದ ತನಕ ಬರುವ ಗಲ್ಲ ಮೀಸೆ ಬೆಳೆಸುವ ಹಕ್ಕು ಅವನಿಗೆ ಸಿಗುತ್ತಿತ್ತು. ಹುಲಿಯ ಆತ್ಮದ ಜೊತೆಗೇ ಅವನ ಮದುವೆ ಅಂತ ಅದಕ್ಕೆ ಅರ್ಥ ಹೇಳುತ್ತಾರೆ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಆಚಾರಗಳನ್ನೆಲ್ಲ ಕೂಡಿಸಿ ‘ಪಟ್ಟೋಲೆ ಪಳಮೆ’ ಅಚ್ಚು ಮಾಡಿಸಿದ ಕಾಲಕ್ಕೆ ಇದೆಲ್ಲ ಕಣ್ಣಾರೆ ನೋಡಿದವರು ಊರೂರಲ್ಲಿ ಇದ್ದರು. ಈಗ ಕಪ್ಪು ಬಿಳುಪು ಫೋಟೋಗಳಲ್ಲಿ ನೋಡಬೇಕು. ಹುಲಿಯ ತಲೆ ಒಂದು ಕಡೆಗೆ ವಾಲಿರುತ್ತದೆ. ಮದುಮಗನ ಮುಖದಲ್ಲಿ ನಗು ಇರುವುದಿಲ್ಲ. ಆಗಿನ ಕ್ಯಾಮೆರಾಕ್ಕೆ ಯಾರೂ ನಗುತ್ತಿರಲಿಲ್ಲ ಅನ್ನುವುದು ನಿಜ. ಆದರೂ ನೋಡಿದರೆ ಯಾಕೋ ನಿಜವಾದ ಮದುಮಗನ ಹೆದರಿಕೆಯೇ ಕಾಣುತ್ತದೆ.

ಇದನ್ನು ಕೇಳಿ ಹುಡುಗ ಸುಮ್ಮನಾದ. ಆಮೇಲೆ, “ಹಾಗಾದ್ರೆ ಪಂಥದವರು ನಾವೇ ಆಯ್ತಲ್ಲಾ” ಅಂದ.

ಅಲ್ಲ ಅಂತ ತಟ್ಟನೆ ಹೇಳಿದೆ. ಯಾಕೆ ಅಲ್ಲ ಅಂತ ಹೇಳಲು ಬರಲಿಲ್ಲ. ಆಮೇಲೆ ಯೋಚಿಸಿ ಹೀಗೆ ಅನ್ನಿಸಿತು. ಅವನ ಅರೆಗಣ್ಣಿನವರಿಗೆ ಪ್ರಾಣಿಯಿಂದ ಒಂದು ಬೇಕು: ಆಯುಷ್ಯ. ಅದನ್ನು ಕಿತ್ತುಕೊಂಡು ಹೊರಟುಬಿಡುತ್ತಾರೆ. ಹಳೇ ಬೇಟೆಗಾರ ಹೊರಟುಹೋಗುವ ಹಾಗಿಲ್ಲ. ಕೊಂದದ್ದನ್ನು ಊರ ಮಧ್ಯೆ ತರಬೇಕು. ಎಲ್ಲರ ಎದುರು ಅದರ ಪಕ್ಕ ಕೂರಬೇಕು. ಅದರ ಗಂಡ ಅನ್ನಿಸಿಕೊಳ್ಳಬೇಕು. ಒಬ್ಬನು ಪ್ರಾಣಿಯ ಶಕ್ತಿಯನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ, ಇನ್ನೊಬ್ಬನು ತಾನೇ ಪ್ರಾಣಿಗೆ ಕಟ್ಟುಬೀಳುತ್ತಾನೆ. ಚೆನ್ನಾಗಿದೆ ಅನ್ನಿಸಿತು ನನಗೆ. ಅಜ್ಜನ ಮಗಳು, ನನಗಿಂತ ಹತ್ತು ವರ್ಷ ದೊಡ್ಡವರು, ಈಗ ಗೋಣಿಕೊಪ್ಪದಲ್ಲಿದ್ದಾರೆ. ಅವರಿಗೆ ಫೋನಿನಲ್ಲಿ ಇದನ್ನೇ ಸಂಭ್ರಮದಿಂದ ಹೇಳಿದೆ. ಅವರು ಪೂರ್ತಿ ಕೇಳಿ, “ನೀನು ತುಂಬ ಚಂದ ಮಾಡ್ತಿದ್ದೀಯ. ಊಟ ಜೋರಾಗಿರ್ತಿತ್ತು, ಗಂಡಸರಿಗೆ ಜಂಬ ಇರ್ತಿತ್ತು. ಹುಲಿಗೆ ಏನು ಸಿಕ್ತು ಹೇಳು?” ಅಂದರು.

ಹುಲಿಗೆ ಏನೂ ಸಿಗಲಿಲ್ಲ. ಅದು ಸರಿ.

ಆದರೂ ಈ ಸೀಮೆಯ ಬೇಟೆಯವರು ದೇವರ ಜೊತೆಗೇ ಲೆಕ್ಕ ಇಟ್ಟವರು ಅನ್ನುವುದನ್ನು ನಾನು ಬಿಡಲಾರೆ. ದೇವರಪುರದ ಕುಂಡೆ ಹಬ್ಬ ನೋಡಿದವರಿಗೆ ಇದು ಗೊತ್ತು. ಮೇ ತಿಂಗಳಲ್ಲಿ ನಡೆಯುತ್ತದೆ. ಜೇನು ಕುರುಬರು, ಯರವರನ್ನು ಅಯ್ಯಪ್ಪ ಬೇಟೆಗೆ ಅಂತ ಕಾಡಿಗೆ ಕರೆದುಕೊಂಡು ಹೋದನಂತೆ. ನಡುದಾರಿಯಲ್ಲಿ ಭದ್ರಕಾಳಿ ಸಿಕ್ಕಳು. ಅವಳ ಹಿಂದೆ ಹೋದವನು ಇವರನ್ನು ಕಾಡಿನಲ್ಲೇ ಕೈಬಿಟ್ಟ. ಆ ಸಿಟ್ಟಿಗೆ ವರ್ಷಕ್ಕೊಂದು ದಿನ ದೇವರಿಗೆ ಬಾಯಿಗೆ ಬಂದ ಹಾಗೆ ಬೈಗುಳ. ಗಂಡಸರು ಸೀರೆ, ನೈಟಿ ಸುತ್ತಿಕೊಂಡು, ಡಬ್ಬ ಬಡಿಯುತ್ತಾ, ದಾರಿಯಲ್ಲಿ ಸಿಕ್ಕವರಿಗೆಲ್ಲ ಬೈದು ಕಾಸು ಕೇಳುತ್ತಾರೆ. ನನ್ನ ಮಾವನವರ ಜೀಪನ್ನು ಒಮ್ಮೆ ತಿತಿಮತಿಯ ಹತ್ತಿರ ಅಡ್ಡಹಾಕಿ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಮಾವನವರು ಐವತ್ತು ರೂಪಾಯಿ ಕೊಟ್ಟು ನಗುತ್ತಾ ಬಂದರು. ಸಂಜೆ ಗುಡಿಯ ಮುಂದೆ ಎಲ್ಲರೂ ತಪ್ಪಾಯಿತು ಅಂತ ಕೈಮುಗಿಯುತ್ತಾರೆ. ನಿಗೂಢ ಪಂಥಗಳಲ್ಲಿ ಯಾರೂ ತಮ್ಮ ದೇವರಿಗೆ ಬೈಯುವುದಿಲ್ಲ. ಅಲ್ಲಿ ಎಲ್ಲರೂ ಪಿಸುಗುಡುತ್ತಾರೆ. ಹುಡುಗನಿಗೆ ಹೇಳಿದ್ದೇನೆ, ನಿನ್ನ ಗೇಮ್‌ನಲ್ಲಿ ಬೈಗುಳದ ಒಂದು ಲೆವೆಲ್ ಇಡು ಅಂತ.

ಒಂದು ಕಣ್ಣು ಸಾಕು

ಈಗ ಕಾಡುಪಾಪದ ವಿಷಯ.

ನಾನು ಮದುವೆಯಾಗಿ ಬಂದದ್ದು ಸೋಮವಾರಪೇಟೆ ಕಡೆಗೆ. ನಮ್ಮದು ಸಣ್ಣ ತೋಟ. ಬಂದ ಮೊದಲ ವರ್ಷ, ಜನವರಿ. ಕಣದಲ್ಲಿ ಕಾಫಿ ಒಣಗಲು ಹಾಕಿದ್ದರು. ರಾತ್ರಿ ಮಂಜು ಬೀಳುತ್ತದೆ, ಟಾರ್ಪಲ್ ಸರಿಯಾಗಿ ಮುಚ್ಚಿದೆಯಾ ನೋಡಿ ಬಾ ಅಂತ ಅತ್ತೆ ಕಳಿಸಿದರು. ಟಾರ್ಚ್ ಹಿಡಿದು ಹೋದೆ. ಕಣದ ಅಂಚಿನ ಹಲಸಿನ ಮರದಲ್ಲಿ ಎರಡು ಕೆಂಡ. ಪಕ್ಕ ಪಕ್ಕದಲ್ಲಿ, ಅಲುಗಾಡದೆ. ನನ್ನ ಕಾಲು ನೆಲಕ್ಕೆ ಅಂಟಿತು. ಬೆಳಕು ಸ್ವಲ್ಪ ಕೆಳಗೆ ಸರಿಸಿದೆ. ಕಾಲು ಕಿಲೋ ತೂಗದ ಒಂದು ಜೀವ. ಬೂದು ಬಣ್ಣದ ಉಣ್ಣೆಯಂಥ ಮೈ, ಬಾಲ ಇಲ್ಲ, ನುಗ್ಗೆಕಾಯಿಯಂಥ ಕೈಕಾಲು. ಮುಖದಲ್ಲಿ ಕಣ್ಣು ಬಿಟ್ಟರೆ ಬೇರೇನೂ ಇಲ್ಲ ಅನ್ನಬೇಕು. ಕೊಂಬೆಯನ್ನು ಮಗು ಬೆರಳು ಹಿಡಿದ ಹಾಗೆ ಹಿಡಿದಿತ್ತು. ನಾನು ಅಲುಗಾಡಲಿಲ್ಲ, ಅದೂ ಅಲುಗಾಡಲಿಲ್ಲ. ಆಮೇಲೆ ಬಹಳ ನಿಧಾನವಾಗಿ ಒಂದು ಕೈ ಎತ್ತಿ ಮುಂದಿನ ಟೊಂಗೆಯ ಮೇಲಿಟ್ಟಿತು. ಆಮೇಲೆ ಒಂದು ಕಾಲು. ಅವಸರ ಅನ್ನುವ ಮಾತೇ ಅದಕ್ಕೆ ಗೊತ್ತಿಲ್ಲ. ಸದ್ದೇ ಇಲ್ಲದೆ ಎಲೆಯೊಳಗೆ ಹೋಯಿತು. ನಾನು ಟಾರ್ಪಲ್ ನೋಡುವುದನ್ನೇ ಮರೆತು ವಾಪಸ್ ಬಂದೆ. ಬೆಳಗ್ಗೆ ಒಂದು ಮೂಲೆಯ ಕಾಫಿ ಒದ್ದೆಯಾಗಿತ್ತು. ಅತ್ತೆ ಅದಕ್ಕೆ ಬೈಯಲಿಲ್ಲ, ಕಾಡುಪಾಪ ನೋಡಿದೆ ಅಂದದ್ದಕ್ಕೆ ಬೈದರು. ಹೊಸ ಸೊಸೆ ಅದನ್ನು ನೋಡಬಾರದಂತೆ.

ಆಮೇಲೆ ಓದಿ ತಿಳಿದುಕೊಂಡೆ. ಅದು ರಾತ್ರಿ ಓಡಾಡುವ ಪ್ರಾಣಿ. ಇರುವೆ, ಜೀರುಂಡೆ, ಹುಳ ತಿನ್ನುತ್ತದೆ. ತನ್ನ ಮೂತ್ರದಿಂದಲೇ ಕೈಕಾಲು ಉಜ್ಜಿಕೊಳ್ಳುತ್ತದೆ. ಬೆಳಕು ಬಿದ್ದರೆ ಅಲ್ಲೇ ಮರಗಟ್ಟಿ ನಿಲ್ಲುತ್ತದೆ. ಅದಕ್ಕೆ ಗೊತ್ತಿರುವ ದೊಡ್ಡ ರಕ್ಷಣೆ ಅದೇ. ಹಿಡಿಯುವವನಿಗೆ ಅದಕ್ಕಿಂತ ಸುಲಭ ಇನ್ನೇನು ಬೇಕು?

ಹಿಡಿಯುವವನನ್ನು ನಾನು ನೋಡಿದ್ದೇನೆ. ಕುಶಾಲನಗರದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲ್. ಬಸ್ಸಿಗೆ ಇನ್ನೂ ಹೊತ್ತಿತ್ತು, ಕಾಫಿ ಕುಡಿಯುತ್ತಿದ್ದೆ. ಎದುರಿನ ಕುರ್ಚಿಗೆ ಒಬ್ಬ ಬಂದು ಕೂತ. ಇಸ್ತ್ರಿ ಮಾಡಿದ ಶರ್ಟು, ಜೇಬಿನಲ್ಲಿ ಎರಡು ಪೆನ್ನು, ಹಣೆಯಲ್ಲಿ ಕುಂಕುಮ. ಎಲ್ಐಸಿ ಏಜೆಂಟ್ ಅಂದುಕೊಂಡೆ. ಎಲ್ಲಿ ಅಕ್ಕಾ ನಿಮ್ಮ ತೋಟ, ಎಷ್ಟು ಎಕರೆ, ಎಲ್ಲ ವಿಚಾರಿಸಿದ. ಆಮೇಲೆ ದನಿ ತಗ್ಗಿಸಿ, ಎರಡು ತಲೆ ಹಾವು ಇದೆಯಾ ಅಂದ. ಇಲ್ಲ ಅಂದೆ. ಚಿಪ್ಪುಹಂದಿ? ಇಲ್ಲ. ಕಾಡುಪಾಪ? ನಾನು ಸುಮ್ಮನಿದ್ದೆ. “ಜೀವಂತ ಬೇಕು ಅಂತಿಲ್ಲ ಅಕ್ಕಾ. ಒಂದು ಕಣ್ಣು ಸಾಕು” ಅಂದ. ಉಪ್ಪು ಸಾಕು, ಸಕ್ಕರೆ ಸಾಕು ಅನ್ನುವ ದನಿಯಲ್ಲಿ. ಯಾಕೆ ಅಂತ ಕೇಳಿದೆ. ವಶೀಕರಣಕ್ಕೆ, ನಿಧಿ ನೋಡಲಿಕ್ಕೆ. ಅದು ಕತ್ತಲಲ್ಲಿ ಕಾಣುವ ಕಣ್ಣಲ್ವಾ, ನೆಲದೊಳಗೂ ಕಾಣುತ್ತೆ ಅಂದ. ಅದಕ್ಕೆ ಏಳು ವರ್ಷದವರೆಗೆ ಜೈಲು ಗೊತ್ತಾ ಅಂದೆ. ಅವನಿಗೆ ನನ್ನ ಮೇಲೆ ಸಿಟ್ಟು ಬರಲಿಲ್ಲ. ಕನಿಕರ ಬಂತು. “ನಿಮಗೆ ನಂಬಿಕೆ ಇಲ್ಲ, ಅದಕ್ಕೇ ಹಾಗಂತೀರಿ” ಅಂದು ಎದ್ದು ಹೋದ. ಅವನ ಕಾಫಿಯ ದುಡ್ಡನ್ನೂ ನಾನೇ ಕೊಟ್ಟೆ.

ಆ ಮಾತು ಬಹಳ ದಿನ ನನ್ನ ಜೊತೆಗೇ ಇತ್ತು. ನಂಬಿಕೆ ಇಲ್ಲದವರು ಕಾಡು ಹಾಳು ಮಾಡುತ್ತಾರೆ ಅಂತ ನಾವೆಲ್ಲ ಭಾಷಣದಲ್ಲಿ ಹೇಳುತ್ತೇವಲ್ಲಾ. ಇವನು ನನಗಿಂತ ಎಷ್ಟು ದೊಡ್ಡ ಭಕ್ತ! ನನಗೆ ಕಾಡುಪಾಪ ಅಂದರೆ ಚಂದದ ಪ್ರಾಣಿ. ಅವನಿಗೆ ಅದರ ಕಣ್ಣು ನೆಲ ಸೀಳಿ ನೋಡುವ ದಿವ್ಯದೃಷ್ಟಿ. ದೀಪಾವಳಿಯ ಸುತ್ತಮುತ್ತ ಗೂಬೆ ಹಿಡಿಯುವವರೂ ಇಂಥ ಭಕ್ತರೇ. ಲಕ್ಷ್ಮಿಯ ವಾಹನ ಅನ್ನುವುದನ್ನು ಪೂರ್ತಿ ನಂಬಿದವರು. ಚಿಪ್ಪುಹಂದಿಯ ಚಿಪ್ಪು ನಮ್ಮ ಉಗುರಿನದ್ದೇ ವಸ್ತು. ಅದನ್ನು ಔಷಧಿ ಅಂತ ದುಡ್ಡು ಸುರಿದು ಕೊಳ್ಳುವವನ ನಂಬಿಕೆಯ ಮುಂದೆ ನನ್ನದು ಏನೂ ಅಲ್ಲ. ಅಕ್ಕನ ಮಗ ಕಪ್ಪು ನಿಲುವಂಗಿ ತೊಡಿಸಿ, ಗುಹೆಯಲ್ಲಿ ಕೂರಿಸಿ ಕಷ್ಟಪಟ್ಟು ಕಟ್ಟಿದ ಪಂಥ ಕುಶಾಲನಗರದಲ್ಲಿ ಇಸ್ತ್ರಿ ಶರ್ಟು ಹಾಕಿಕೊಂಡು ಕಾಫಿ ಕುಡಿಯುತ್ತಿತ್ತು. ಅರೆಗಣ್ಣು ಅನ್ನುವ ಹೆಸರು ಇವನಿಗೆ ಎಷ್ಟು ಹೊಂದುತ್ತದೆ ನೋಡಿ. ಹುಡುಗ ಸುಮ್ನೆ ಬಾಯಿಗೆ ಬಂದ ಹೆಸರು ಇಟ್ಟಿದ್ದ.

ಇವನನ್ನು ಬೈದು ಮುಗಿಸಬಹುದಿತ್ತು. ಆದರೆ ನಮ್ಮ ಮನೆಯ ಬೀರು ಇದೆಯಲ್ಲಾ.

ಬೀರುವಿನೊಳಗಿನ ಹುಲಿ

2023ರ ಅಕ್ಟೋಬರಿನಲ್ಲಿ ಟಿವಿಯ ರಿಯಾಲಿಟಿ ಶೋದಲ್ಲಿದ್ದ ಒಬ್ಬರನ್ನು ಹುಲಿ ಉಗುರಿನ ಪದಕ ಹಾಕಿಕೊಂಡದ್ದಕ್ಕೆ ಅರಣ್ಯ ಇಲಾಖೆ ಬಂಧಿಸಿತು. ನೆನಪಿರಬೇಕು. ಆ ವಾರ ಕರ್ನಾಟಕದ ಎಷ್ಟು ಮನೆಗಳಲ್ಲಿ ಬೀರುವಿನ ಒಳಖಾನೆ ತೆರೆಯಿತೋ! ಕೊಡಗಿನಲ್ಲಂತೂ ಕೇಳಬೇಡಿ. ಜಿಂಕೆ ಕೊಂಬು, ಕಾಟಿ ತಲೆ, ಹುಲಿ ಚರ್ಮ ಗೋಡೆಯ ಮೇಲೆ ಅಜ್ಜನ ಫೋಟೋದ ಪಕ್ಕದಲ್ಲೇ ಇರುವ ಮನೆಗಳು ಇಲ್ಲಿವೆ. 2024ರ ಆರಂಭದಲ್ಲಿ ಸರ್ಕಾರ, ದಾಖಲೆ ಇಲ್ಲದ್ದನ್ನು ತಂದೊಪ್ಪಿಸಿ ಅಂತ ಮೂರು ತಿಂಗಳ ಗಡುವು ಕೊಟ್ಟಿತು.

ಅಮ್ಮ ಫೋನ್ ಮಾಡಿ, “ಆ ಉಗುರು ಏನು ಮಾಡೋದೇ?” ಅಂದರು. ನನಗೆ ಮರೆತೇಹೋಗಿತ್ತು. ಅಮ್ಮನ ತವರಿನಿಂದ ಬಂದದ್ದು, ಬೆಳ್ಳಿ ಕಟ್ಟಿಸಿದ ಒಂದು ಹುಲಿ ಉಗುರು. ಮಕ್ಕಳು ರಾತ್ರಿ ಬೆಚ್ಚಿಬೀಳದಿರಲಿ ಅಂತ ಕರಿದಾರದಲ್ಲಿ ಪೋಣಿಸಿ ಕೊರಳಿಗೆ ಕಟ್ಟುತ್ತಿದ್ದರು. ಅಮ್ಮ ಕಟ್ಟಿಕೊಂಡಿದ್ದರು, ಅಕ್ಕ ಕಟ್ಟಿಕೊಂಡಿದ್ದಳು, ನಾನು ಕಟ್ಟಿಕೊಂಡಿದ್ದೆ. ಈ ಗೇಮ್ ಮಾಡುವ ಹುಡುಗನೂ ಒಂದು ವರ್ಷದ ಮಗುವಾಗಿದ್ದಾಗ ಅದನ್ನು ಚೀಪಿ ಚೀಪಿ ಹಲ್ಲು ಬರಿಸಿಕೊಂಡವನು. ಅಂದರೆ ನಾವು ಮೂರು ತಲೆಮಾರಿನ ಅರೆಗಣ್ಣಿನವರು. ಕೊಂದವರು ಯಾರೋ ಗೊತ್ತಿಲ್ಲ. ಅವರಿಗೆ ಮಂಗಲ ನಡೆಯಿತೋ ಇಲ್ಲವೋ ಗೊತ್ತಿಲ್ಲ. ಹುಲಿಯ ಒಂದು ಚೂರು ಮಾತ್ರ ನಮ್ಮ ಜೇಬಿಗೆ ಬಂದಿತ್ತು.

ಅಮ್ಮ ಅದನ್ನು ಒಂದು ಕರ್ಚೀಫಿನಲ್ಲಿ ಕಟ್ಟಿ ತಂದರು. ಕಚೇರಿಗೆ ಹೋದೆವು. ಅಮ್ಮನ ಕೈ ನಡುಗುತ್ತಿತ್ತು. ಜೈಲಿನ ಹೆದರಿಕೆ ಅಂದುಕೊಂಡೆ. ಅಲ್ಲವಂತೆ, ಮನೆಯಿಂದ ಕೊಡುತ್ತಿದ್ದೇವಲ್ಲಾ ಅನ್ನುವ ಸಂಕಟವಂತೆ. ಅಲ್ಲಿದ್ದವರು ಉಗುರನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಬೆಳ್ಳಿಯ ಅಂಚಿನಲ್ಲಿ ಸ್ವಲ್ಪ ಕೆರೆದರು. ಇನ್ನೊಬ್ಬರನ್ನು ಕರೆದು ತೋರಿಸಿದರು. ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಬಹಳ ಮರ್ಯಾದೆಯಿಂದ, “ಅಮ್ಮಾ, ಇದು ದನದ ಕೊಂಬು. ಅರ ಹಾಕಿ ಪಾಲಿಶ್ ಮಾಡಿದ್ದಾರೆ. ಇಂಥವು ಸುಮಾರು ಬರ್ತಿವೆ” ಅಂದರು.

ಅಮ್ಮ ಅದನ್ನು ವಾಪಸ್ ಕರ್ಚೀಫಿನಲ್ಲಿ ಸುತ್ತಿಕೊಂಡರು. ಬಸ್ಸಿನಲ್ಲಿ ಕೂತು ಸುಂಟಿಕೊಪ್ಪ ದಾಟುವವರೆಗೂ ಮಾತಾಡಲಿಲ್ಲ. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ, “ನಿನಗೆ ಬೆಚ್ಚುವುದು ನಿಂತದ್ದಂತೂ ನಿಜ” ಅಂದರು.

ನಾನು ನಕ್ಕೆ. ಆದರೆ ಅಮ್ಮ ಹೇಳಿದ್ದರಲ್ಲಿ ನನ್ನನ್ನು ಕಾಡುವ ಇನ್ನೊಂದು ಮಾತಿದೆ. ದನದ ಕೊಂಬಿನಿಂದಲೇ ಬೆಚ್ಚುವುದು ನಿಲ್ಲುವುದಾದರೆ, ಹುಲಿ ಬೇಕೇ ಇರಲಿಲ್ಲ. ಎಲ್ಲೋ ಒಬ್ಬ ಅರ ಹಾಕುವವನು ಕೂತು, ಊರವರಿಗೆ ಮೋಸ ಮಾಡುತ್ತಾ, ತನಗೇ ಗೊತ್ತಿಲ್ಲದೆ ಒಂದು ಹುಲಿಯನ್ನು ಉಳಿಸಿದ್ದ. ಆ ಇಸ್ತ್ರಿ ಶರ್ಟಿನವನಿಗೂ ಯಾರಾದರೂ ಗಾಜಿನ ಗೋಲಿಯನ್ನು ಕಾಡುಪಾಪದ ಕಣ್ಣು ಅಂತ ಮಾರಿದರೆ ನನಗೆ ಬೇಜಾರಿಲ್ಲ.

ಮರಗಸಿ

ಹುಡುಗನಿಗೆ ಕಾಡುಪಾಪದ ವಿಷಯ ಹೇಳಿದ ದಿನ ಅವನು ಬಿಳಿ ಜಿಂಕೆಯನ್ನೂ ಹುಲಿಯನ್ನೂ ಬಿಟ್ಟ. ಫೋಟೋ ಹುಡುಕಿ ನೋಡಿದನಂತೆ. “ಚಿಕ್ಕಮ್ಮಾ, ಇದರ ಕಣ್ಣು! ಪೋಸ್ಟರೇ ಬೇಡ” ಅಂದ. ಪಂಥದವರು ಈಗ ಇದರ ಕಣ್ಣಿಗಾಗಿ ಬರುತ್ತಾರೆ. ಎಡಗಣ್ಣು ಕಿತ್ತು ಆ ಜಾಗಕ್ಕೆ ಇದನ್ನು ಇಟ್ಟುಕೊಳ್ಳುತ್ತಾರಂತೆ. ನನಗೆ ಹೊಟ್ಟೆ ತೊಳಸಿತು. ಚೆನ್ನಾಗಿದೆ ಅಂದೆ. ಆಮೇಲೆ ಅವನು ಕೇಳಿದ, ನಿಮ್ಮ ತೋಟದಲ್ಲಿ ಈಗಲೂ ಇದೆಯಾ, ಬಂದರೆ ತೋರಿಸ್ತೀರಾ?

ಇದೆಯಾ?

ಕೊನೆಗೆ ನೋಡಿದ್ದು ಯಾವಾಗ ಅಂತ ಲೆಕ್ಕ ಹಾಕಿದೆ. ಮೂರು ವರ್ಷ ಆಗಿರಬೇಕು. ರಾತ್ರಿ ಸಿಳ್ಳೆಯಂಥ ಅದರ ಕೂಗು ಕೇಳಿಯೂ ಸುಮಾರು ದಿನವಾಗಿದೆ. ಯಾರೂ ಹಿಡಿಯಲು ಬಂದಿಲ್ಲ. ಕೋವಿ, ಬಲೆ, ಟಾರ್ಚು ಯಾವುದೂ ಬಂದಿಲ್ಲ. ಬಂದದ್ದು ಮರಗಸಿ. ಪ್ರತಿ ವರ್ಷ ಮಳೆಗೆ ಮೊದಲು ನೆರಳಿನ ಮರಗಳ ಕೊಂಬೆ ಕಡಿಸುತ್ತೇವೆ, ಕಾಫಿಗೆ ಬೆಳಕು ಬೀಳಬೇಕಲ್ಲಾ. ಮೊದಲು ಸ್ವಲ್ಪ ಸ್ವಲ್ಪ ಕಡಿಸುತ್ತಿದ್ದೆವು. ಆಮೇಲೆ ಕೂಲಿ ಜಾಸ್ತಿಯಾಯಿತು, ಮರ ಹತ್ತುವವರು ಸಿಗುವುದು ಕಷ್ಟವಾಯಿತು. ಸಿಕ್ಕಾಗ ಒಂದೇ ಸಲ ಬೋಳಿಸಿಬಿಡುವುದು ಶುರುವಾಯಿತು. ಹಳೇ ಕಾಡುಮರ ಬಿದ್ದ ಜಾಗಕ್ಕೆಲ್ಲ ಸಿಲ್ವರ್ ಓಕ್ ನೆಟ್ಟೆವು. ನೇರ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಮಾರಲೂ ಸುಲಭ. ಒಂದು ಮರದ ಟೊಂಗೆ ಇನ್ನೊಂದಕ್ಕೆ ತಾಗುವುದಿಲ್ಲ. ಕಾಡುಪಾಪಕ್ಕೆ ನೆಗೆಯಲು ಬರುವುದಿಲ್ಲ. ಒಂದು ಕೈ ಮುಂದಿನ ಟೊಂಗೆ ಹಿಡಿಯದೆ ಹಿಂದಿನ ಕಾಲು ಬಿಡುವ ಪ್ರಾಣಿಯೇ ಅಲ್ಲ ಅದು. ಆ ರಾತ್ರಿ ಹಲಸಿನ ಮರದಲ್ಲಿ ನಾನೇ ನೋಡಿದ್ದೆ. ಹಲಸು ಇನ್ನೂ ಇದೆ. ಅದರ ಪಕ್ಕದ ಅತ್ತಿ ಮರದ ಕೊಂಬೆ ಇಲ್ಲ. ಆ ಕೊಂಬೆ ಕಡಿಯಲು ಹೇಳಿದ್ದು ನಾನೇ. ಕಣಕ್ಕೆ ನೆರಳು ಬೀಳುತ್ತದೆ, ಕಾಫಿ ಬೇಗ ಒಣಗುವುದಿಲ್ಲ ಅಂತ.

ಇದನ್ನು ಹುಡುಗನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನ ಗೇಮ್‌ಗೆ ಹೇಗೆ ತರೋದು ಚಿಕ್ಕಮ್ಮ? ವಿಲನ್ನೇ ಇಲ್ವಲ್ಲ” ಅಂದ. ತರಬೇಡ ಬಿಡು ಅಂದೆ. ಕಣ್ಣು ಕೀಳುವವರೇ ಇರಲಿ. ಆಡುವವರಿಗೆ ಹೊಡೆಯಲು ಯಾರಾದರೂ ಬೇಕಲ್ವಾ. ಕಲ್ಲಿನ ಸಾಲು ಮಾತ್ರ ಇಟ್ಟಿದ್ದಾನೆ. ಪ್ರಾಣಿ ಅದನ್ನು ದಾಟಿದರೆ ಪಂಥದವರ ಬಂದೂಕು ಕೆಲಸ ಮಾಡುವುದಿಲ್ಲ ಅಂತ ಬರೆದುಕೊಂಡಿದ್ದ. ಹಾಗಲ್ಲ, ಬಂದೂಕು ಕೆಲಸ ಮಾಡುತ್ತೆ, ಅವರು ಹೊಡೆಯಲ್ಲ ಅಂತ ಮಾಡು ಅಂದೆ. ಅದು ಪ್ರೋಗ್ರಾಂ ಮಾಡಲು ಕಷ್ಟವಂತೆ.

ಈ ಬೇಸಿಗೆಯಲ್ಲಿ ಮರಗಸಿಗೆ ಬಂದ ಅಣ್ಣನಿಗೆ ಹಲಸಿನಿಂದ ಅತ್ತಿಯ ಕಡೆಗೆ ಚಿಗುರಿದ ಎರಡು ಟೊಂಗೆಯನ್ನೂ ಕಡಿ ಅಂದಿದ್ದೆ, ಎಂದಿನಂತೆ. ಅವನೇ ಯಾಕೋ ಮರೆತು ಒಂದನ್ನು ಉಳಿಸಿ ಹೋಗಿದ್ದಾನೆ. ಈಗ ಮಳೆಗೆ ತೊಳೆದುಕೊಂಡು ಉದ್ದವಾಗಿದೆ. ಇನ್ನೂ ಒಂದು ಮಾರು ಬೇಕು, ತಾಗಲಿಕ್ಕೆ.

ಹುಡುಗ ಕೈಲ್‌ಪೊಳ್ದ್‌ಗೆ ಬರುತ್ತಾನೆ. ಮೂವರು ಗೆಳೆಯರೂ ಬರುತ್ತಾರಂತೆ. ಬಿಳಿ ಬೆಳಕು ಬಿಟ್ಟರೆ ಅದಕ್ಕೆ ಕಣ್ಣು ಕುಕ್ಕುತ್ತದೆ, ಟಾರ್ಚಿಗೆ ಸುತ್ತಲು ಕೆಂಪು ಜಿಲೇಟಿನ್ ಕಾಗದ ತನ್ನಿ ಅಂತ ಹೇಳಿದ್ದೇನೆ. ಜಿಗಣೆಗೆ ಸುಣ್ಣ, ಹೊಗೆಸೊಪ್ಪು ಇಲ್ಲೇ ಇದೆ.